ಬರೆದಿಟ್ಟ ಸಂಕಲ್ಪವೂ ಬದಲಾದ ದೇಹಸ್ಥಿತಿಯೂ

ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರವು ಶ್ರವಣಬೆಳಗೊಳದ ಉತ್ತರಕ್ಕೆ, ಸ್ವಲ್ಪವೇ ದೂರದಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ನೆಲೆಗೊಳಿಸಿದ ಊರು ಇದು. ಇಲ್ಲಿಯ ಶಾಂತಿನಾಥ ಬಸದಿಯ ಶಿಲ್ಪಸೌಂದರ್ಯ ನಾಡಿಗೆಲ್ಲ ಪರಿಚಿತವಾದುದು. ಊರಿನ ಬಳಿಯಲ್ಲಿ ಒಂದು ಹಳೆಯ ಸಮಾಧಿಮಂಟಪವೂ ಇದೆ. ಸಮೀಪದ ಚಂದ್ರಗಿರಿಯಲ್ಲಂತೂ ನಿಸಿದಿ ಶಾಸನಗಳಿಗೆ ಲೆಕ್ಕವಿಲ್ಲ. ಶಾಂತಲದೇವಿಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳ ಅನಶನವನ್ನು ನಡೆಸಿ, ಗುರುಗಳ ಸನ್ನಿಧಿಯಲ್ಲಿ ಸಮಾಧಿಮರಣವನ್ನು ಪಡೆದುದನ್ನು ಅಲ್ಲಿಯ ಶಾಸನವೊಂದು ತಿಳಿಸುತ್ತದೆ. ಮರಣದ ವಿಚಾರವನ್ನು ಮುಚ್ಚಿಡದೆ, ಮೊದಲೇ ಯೋಚಿಸಿ ಸಿದ್ಧವಾಗುವುದು ಈ ಸೀಮೆಯ ಹಳೆಯ ಸಂಸ್ಕಾರ.

ಇಂದು ಅನೇಕ ಶ್ರಾವಕರ ಕೊನೆಯ ದಿನಗಳು ಆಸ್ಪತ್ರೆಯಲ್ಲಿಯೇ ಕಳೆಯುತ್ತವೆ. ಕೃತಕ ಉಸಿರಾಟ, ನಳಿಕೆಯ ಮೂಲಕ ಆಹಾರ ಮೊದಲಾದುವು ಬೇಕೆ ಬೇಡವೆ ಎಂಬುದನ್ನು ಮೊದಲೇ ಬರೆದಿಡಲು ಕಾನೂನಿನ ಅವಕಾಶವೂ ಒದಗಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಇಂತಹ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. 2025ರ ಜನವರಿ 30ರಂದು ಕರ್ನಾಟಕ ಸರಕಾರವೂ ಈ ತೀರ್ಪಿನ ಅನುಷ್ಠಾನಕ್ಕಾಗಿ ಆದೇಶ ಹೊರಡಿಸಿತು.

ಆದರೆ ಬರೆದಿಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಿತೆ? ಒಂದು ಸಂದರ್ಭವನ್ನು ಭಾವಿಸಬಹುದು. ಗೃಹಸ್ಥರೊಬ್ಬರು ಅರವತ್ತನೆಯ ವಯಸ್ಸಿನಲ್ಲಿ, ಆರೋಗ್ಯವಾಗಿದ್ದಾಗ, ‘ಯಂತ್ರದ ಉಸಿರು ನನಗೆ ಬೇಡ’ ಎಂದು ಬರೆದಿಟ್ಟಿದ್ದಾರೆ. ಹತ್ತು ವರ್ಷಗಳ ಬಳಿಕ ಅವರಿಗೆ ನ್ಯುಮೋನಿಯಾ ತಗುಲಿ ಪ್ರಜ್ಞೆ ತಪ್ಪಿದೆ. ಕೆಲವು ದಿನ ವೆಂಟಿಲೇಟರಿನಲ್ಲಿಟ್ಟರೆ ಗುಣವಾಗುವ ಸಂಭವವಿದೆ ಎಂದು ವೈದ್ಯರು ಹೇಳುತ್ತಾರೆ. ಹಳೆಯ ಕಾಗದ ಮಗನ ಕೈಯಲ್ಲಿದೆ. ಅದನ್ನು ಒಪ್ಪಿಸಿದರೆ ತಂದೆಯ ಪ್ರಾಣಕ್ಕೆ ಹಾನಿ, ಮುಚ್ಚಿಟ್ಟರೆ ತಂದೆಯ ಮಾತಿಗೆ ಹಾನಿ ಎಂಬ ಇಕ್ಕಟ್ಟಿನಲ್ಲಿ ಅವನು ನಿಂತಿದ್ದಾನೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ, ಮನೆಯವರನ್ನು ವಾರ್ಡಿನ ಹೊರಗೇ ನಿಲ್ಲಿಸಿದ್ದಾಗ, ಇಂತಹ ನಿರ್ಧಾರಗಳನ್ನು ದೂರವಾಣಿಯಲ್ಲಿಯೇ ಮಾಡಬೇಕಾಯಿತು.

ಕೊಟ್ಟ ಮಾತು ಮಾತೇ, ಅದನ್ನು ತಿದ್ದುವುದು ವ್ರತಭಂಗಕ್ಕೆ ಸಮಾನ ಎನ್ನುವವರುಂಟು. ಈ ಅಭಿಪ್ರಾಯದಲ್ಲಿ ನಿಷ್ಠೆಯಿದೆ. ಆದರೆ ಶಾಸ್ತ್ರದ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂಬ ನಿಬಂಧನೆಯನ್ನು ಸೇರಿಸಿದ್ದಾರೆ. ಸ್ವತಃ ಆ ಆಚಾರ್ಯರ ಕಥೆಯೇ ಇದಕ್ಕೆ ನಿದರ್ಶನ. ಭಸ್ಮಕ ವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ, ಗುರುಗಳು ಅದನ್ನು ಕೊಡದೆ, ರೋಗವನ್ನು ಶಮನ ಮಾಡಿಕೊಳ್ಳುವಂತೆ ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ವ್ಯಾಧಿ ಗುಣವಾಯಿತು. ಶಿಷ್ಯನ ಸಂಕಲ್ಪದಲ್ಲಿ ಕೊರತೆಯಿರಲಿಲ್ಲ. ಅದಕ್ಕೆ ತಕ್ಕ ಕಾಲ ಬಂದಿರಲಿಲ್ಲ.

ಯಮ, ನಿಯಮ ಎಂಬ ವಿಭಾಗವೂ ಇಲ್ಲಿ ಸ್ಮರಣೀಯ. ಬದುಕಿರುವ ತನಕ ಹಿಡಿಯುವುದು ಯಮ. ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ಅಕಂಪನಾಚಾರ್ಯರೂ ಅವರ ಸಂಘದ ಏಳುನೂರು ಮುನಿಗಳೂ ಹಸ್ತಿನಾಪುರದಲ್ಲಿ ಉಪಸರ್ಗಕ್ಕೆ ಸಿಲುಕಿದಾಗ, ಅದು ನೀಗುವವರೆಗೆ ಆಹಾರವನ್ನು ತ್ಯಜಿಸಿದ ಕಥೆಯನ್ನು ಶ್ರಾವಕರ ಮನೆಗಳಲ್ಲಿ ಮಕ್ಕಳೂ ಬಲ್ಲರು. ಉಪಸರ್ಗ ನೀಗಿದ ಬಳಿಕ ಅವರು ಆಹಾರ ಸ್ವೀಕರಿಸಿದುದನ್ನು ವ್ರತಭಂಗವೆಂದು ಯಾರೂ ಎಣಿಸಲಿಲ್ಲ. ಸಂಕಲ್ಪದ ಒಳಗೇ ಅದರ ಅವಧಿ ಅಡಗಿತ್ತು.

ಚಿಕಿತ್ಸೆಯ ನಿರ್ದೇಶನವೂ ಇಂತಹ ನಿಬಂಧನೆಯುಳ್ಳ ಮಾತೇ ಆಗಿದೆ. ರೋಗಿಯು ಗುಣವಾಗುವ ಆಸೆಯಿಲ್ಲದ ಸ್ಥಿತಿಯನ್ನು ಮುಟ್ಟಿ, ಸ್ವತಃ ನಿರ್ಧರಿಸುವ ಶಕ್ತಿಯನ್ನೂ ಕಳೆದುಕೊಂಡಾಗ ಮಾತ್ರ ಅದು ಜಾರಿಗೆ ಬರತಕ್ಕದ್ದು. ಆ ಸ್ಥಿತಿಯನ್ನು ಎರಡು ವೈದ್ಯಮಂಡಲಿಗಳು ಪರಿಶೀಲಿಸಬೇಕು. ಮೇಲಿನ ಉದಾಹರಣೆಯ ಮಗನಿಗೆ ಇದೇ ಉತ್ತರ. ಗುಣವಾಗಬಹುದಾದ ಜ್ವರಕ್ಕೆ ಚಿಕಿತ್ಸೆ ಕೊಡಿಸಿದರೆ ತಂದೆಯ ಮಾತು ಮುರಿಯುವುದಿಲ್ಲ. ಅದರಂತೆಯೇ, ಮದ್ದಿಲ್ಲದ ಹಂತವನ್ನು ರೋಗ ತಲುಪಿದ ಮೇಲೂ ಯಂತ್ರಗಳಿಗೆ ಜೋಡಿಸಿಡುವುದು ಆ ಮಾತಿಗೆ ತೋರುವ ಗೌರವವಾಗಲಾರದು. ಆದರೂ ಬರಹವು ಅಸ್ಪಷ್ಟವಾಗಿದ್ದರೆ, ಅದನ್ನು ಅರ್ಥೈಸುವ ಭಾರವೆಲ್ಲ ಮಗನ ಮೇಲೆಯೇ ಬೀಳುತ್ತದೆ. ಆ ಭಾರವನ್ನು ಇಳಿಸಬೇಕಾದವರು ಬರೆದವರೇ.

ಆದುದರಿಂದ ನಿರ್ದೇಶನವನ್ನು ಕಾಲಕಾಲಕ್ಕೆ ಓದಿ, ದೇಹಸ್ಥಿತಿಗೆ ಹೊಂದುವಂತೆ ಇಟ್ಟುಕೊಳ್ಳಬೇಕು. ಹೊಸ ವ್ಯಾಧಿ ಕಾಣಿಸಿಕೊಂಡಾಗ, ಆಸ್ಪತ್ರೆಗೆ ಸೇರುವಾಗ, ತಮ್ಮ ಪರವಾಗಿ ಒಪ್ಪಿಗೆ ಕೊಡಲು ಹೆಸರಿಸಿದ್ದ ಬಂಧು ತೀರಿಕೊಂಡಾಗ ಅಥವಾ ದೂರವಾದಾಗ ಅದನ್ನು ಮತ್ತೆ ನೋಡುವುದು ಅವಶ್ಯ. ಬುದ್ಧಿ ಸ್ವಸ್ಥವಾಗಿರುವವರೆಗೆ ಬದಲಿಸಲು, ಹಿಂದೆಗೆದುಕೊಳ್ಳಲು ಅಡ್ಡಿಯಿಲ್ಲ. ಬದಲಾವಣೆಯೂ ಬರಹದಲ್ಲಿ, ಮೊದಲಿನ ಕ್ರಮದಲ್ಲಿಯೇ ಆಗಬೇಕು. ಎರಡು ಪತ್ರಗಳಿದ್ದರೆ ಕೊನೆಯಲ್ಲಿ ಸಹಿಯಾದುದೇ ಸಲ್ಲುತ್ತದೆ. ರೋಗಿಯು ಅರಿವಿನಿಂದ ಮಾತನಾಡಬಲ್ಲನಾದರೆ, ಕಾಗದಕ್ಕಿಂತ ಅವನ ಮಾತೇ ಮುಖ್ಯ.

ಇಲ್ಲಿ ಒಂದು ನಿಜವಾದ ಶಂಕೆಯುಂಟು. ಸಂಕಟದ ನಡುವೆ ಮನಸ್ಸು ಬದಲಾದರೆ, ಅದು ವಿವೇಕವೋ ಭಯವೋ? ಬದುಕಿನ ಆಸೆ, ಸಾವಿನ ಆಸೆ ಎರಡನ್ನೂ ಸಲ್ಲೇಖನದ ಅತಿಚಾರಗಳಲ್ಲಿ ಎಣಿಸಲಾಗಿದೆ. ಬದುಕಿಗಾಗಿ ಹಂಬಲಿಸಿ ತಿದ್ದುವುದು ಹೇಗೋ, ನೋವಿಗೆ ಬೇಸತ್ತು ಬೇಗ ಸಾಯಲೆಂದು ತಿದ್ದುವುದೂ ಹಾಗೆಯೇ. ದೇಹದ ಸ್ಥಿತಿ ಬದಲಾಗಿದೆಯೇ, ಮನಸ್ಸು ಮಾತ್ರ ಅಲುಗಿದೆಯೇ ಎಂದು ವೈದ್ಯರೊಡನೆಯೂ ಮನೆಯವರೊಡನೆಯೂ ವಿಚಾರಿಸುವುದು ಯುಕ್ತ. ಹಾಗೆ ವಿಚಾರಿಸಿದ ಮೇಲೂ ಒಬ್ಬರು ಚಿಕಿತ್ಸೆಯನ್ನೇ ಬಯಸಿದರೆ, ಅವರನ್ನು ಅಳುಕಿದವರೆಂದು ಹಳಿಯುವುದು ಸಲ್ಲದು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಧರ್ಮವು ಔಷಧ ಸೇವಿಸುವವರನ್ನು ಕೀಳಾಗಿ ಕಾಣಲಾರದು.

ಇನ್ನೊಂದು ಮಾತನ್ನೂ ಮರೆಯಲಾಗದು. ಈ ನಿರ್ದೇಶನವೇ ಸಲ್ಲೇಖನವಲ್ಲ. ಸಲ್ಲೇಖನವು ಎಚ್ಚರದಿಂದ, ಕಷಾಯಗಳನ್ನು ಕೃಶಗೊಳಿಸುತ್ತ, ಗುರುಸಾಕ್ಷಿಯಾಗಿ ನಡೆಸುವ ವ್ರತ. ಪ್ರಜ್ಞೆ ತಪ್ಪಿದವರ ಪರವಾಗಿ ಕಾಗದವು ಅದನ್ನು ಆಚರಿಸಲಾರದು. ಅದರಲ್ಲಿ ಮನಸ್ಸುಳ್ಳವರು ಅರಿವಿರುವಾಗಲೇ ಗುರುಗಳಲ್ಲಿಯೂ ಮನೆಯವರಲ್ಲಿಯೂ ನಿವೇದಿಸಿಕೊಂಡಿರಬೇಕು.

ವ್ರತಿಕರು ಪ್ರತಿಕ್ರಮಣದಲ್ಲಿ ತಮ್ಮ ವ್ರತಗಳನ್ನು ಮರಳಿ ಪರಿಶೀಲಿಸುತ್ತಾರೆ. ಹಾಗೆ ಪರಿಶೀಲಿಸುವುದರಿಂದ ವ್ರತ ದುರ್ಬಲವಾಗದು. ವರ್ಷಕ್ಕೊಮ್ಮೆ, ದಶಲಕ್ಷಣ ಪರ್ವದ ಒಂದು ಸಂಜೆ, ಮನೆಯ ಹಿರಿಯರು ಆ ಪತ್ರವನ್ನು ತೆಗೆದು, ಮಕ್ಕಳ ಎದುರಿನಲ್ಲಿ ಓದಿ, ಇಂದಿಗೂ ತಮ್ಮ ಮನಸ್ಸು ಅದೇ ಎಂದೋ, ಇಷ್ಟು ಬದಲಾಗಿದೆ ಎಂದೋ ತಿಳಿಸಿದರೆ, ಮುಂದೊಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಮಗನಿಗಾಗಲಿ ಮಗಳಿಗಾಗಲಿ ಅದಕ್ಕಿಂತ ಹೆಚ್ಚಿನ ಅಭಯದಾನ ಬೇರೊಂದಿರಲಾರದು.