ಕಿರಣ ಬೀಳದ ಜಾಗ: ಗಾಮಾ ಸ್ಫೋಟ ಮತ್ತು ಅನುಪಲಬ್ಧಿ

ಗಾಮಾ ಸ್ಫೋಟವೊಂದು ಆಕಾಶದ ಯಾವ ದಿಕ್ಕಿನಿಂದ ಬಂತೆಂದು ಸ್ವಿಫ್ಟ್ ಬಾಹ್ಯಾಕಾಶ ದೂರದರ್ಶಕಕ್ಕೆ ತಿಳಿಯುವುದು ಕಿರಣ ಬಿದ್ದ ಜಾಗದಿಂದ ಎಷ್ಟೋ, ಬೀಳದ ಜಾಗದಿಂದಲೂ ಅಷ್ಟೇ. ಗಾಮಾ ಕಿರಣಗಳನ್ನು ಮಸೂರ, ಕನ್ನಡಿಗಳಿಂದ ಒಂದೆಡೆ ಕೂಡಿಸುವುದು ಬಲು ಕಷ್ಟ. ವಾತಾವರಣವಂತೂ ಅವುಗಳನ್ನು ನೆಲ ಮುಟ್ಟಗೊಡದು. ಸ್ಫೋಟದ ಆಯುಷ್ಯವೋ ಸಾಮಾನ್ಯವಾಗಿ ಕ್ಷಣಾರ್ಧದಿಂದ ಕೆಲವು ನಿಮಿಷ. ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರಲ್ಲಿ ಗಾಮಾ ಸ್ಫೋಟವನ್ನು ಮೊದಲು ದಾಖಲಿಸಿದವು. ಇಂಥ ಸ್ಫೋಟಗಳ ಮೂಲ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲ ಎಂಬಷ್ಟು ಖಚಿತವಾದ ಮೇಲೆ 1973ರಲ್ಲಿ ಸುದ್ದಿ ಪ್ರಕಟವಾಯಿತು.

2004ರಲ್ಲಿ ಉಡಾವಣೆಯಾದ ಸ್ವಿಫ್ಟ್‌ನಲ್ಲಿ ಸುಮಾರು 52,000 ಸೀಸದ ಬಿಲ್ಲೆಗಳನ್ನು ಯಾದೃಚ್ಛಿಕವಾಗಿ ಜೋಡಿಸಿದ ಮುಸುಕೊಂದಿದೆ. ಒಂದೊಂದು ಬಿಲ್ಲೆ 5 ಮಿಲಿಮೀಟರ್ ಚೌಕ, 1 ಮಿಲಿಮೀಟರ್ ದಪ್ಪ. ಒಂದು ಮೀಟರ್ ಕೆಳಗೆ 32,768 ಡಿಟೆಕ್ಟರ್‌ಗಳ ಹಾಸು. ಕಿರಣ ಬಂದ ದಿಕ್ಕು ಬದಲಾದರೆ ಹಾಸಿನ ಮೇಲೆ ಬೀಳುವ ನೆರಳಿನ ವಿನ್ಯಾಸವೂ ಬದಲಾಗುತ್ತದೆ. ಆ ವಿನ್ಯಾಸವನ್ನು ಗುರುತಿಸಿ ಉಪಗ್ರಹದ ಕಂಪ್ಯೂಟರ್ ಸೆಕೆಂಡುಗಳಲ್ಲಿ ದಿಕ್ಕು ಹೇಳುತ್ತದೆ. ತಪ್ಪು ಕೆಲವೇ ಆರ್ಕ್‌ಮಿನಿಟ್‌ಗಳಷ್ಟು. ಕೂಡಲೇ ಉಪಗ್ರಹ ತಾನಾಗಿ ಅತ್ತ ತಿರುಗಿ, ಎಕ್ಸ್-ರೇ ದೂರದರ್ಶಕದಿಂದ ಜಾಗವನ್ನು ಇನ್ನಷ್ಟು ಕರಾರುವಾಕ್ಕಾಗಿ ಹಿಡಿಯುತ್ತದೆ.

ಇಲ್ಲದಿರುವುದೂ ಜ್ಞಾನಕ್ಕೆ ಆಧಾರವಾಗಬಲ್ಲುದೇ? ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ಆಗಬಲ್ಲುದು ಎಂದಿತು. ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಜ್ಞಾನದ ಆರನೆಯ ಸಾಧನ, ಆರನೆಯ ಪ್ರಮಾಣವೆಂದು ಎಣಿಸಿತು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತದೆ. ಆದರೆ ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲಲ್ಲಿ ಕಾಣದ್ದು ಏನನ್ನೂ ಸಾಧಿಸದು. ಈ ಯೋಗ್ಯತೆಯ ನಿಯಮವೇ ಇಡೀ ವಿಚಾರದ ಜೀವಾಳ. ಸ್ವಿಫ್ಟ್‌ನಲ್ಲೂ ಅಷ್ಟೇ: ಕೆಟ್ಟ ಡಿಟೆಕ್ಟರ್‌ನ ಮೌನ ನೆರಳಲ್ಲ. ಅದಕ್ಕೆಂದೇ ಕೆಟ್ಟವನ್ನೂ ವೃಥಾ ಸದ್ದು ಮಾಡುವವನ್ನೂ ಲೆಕ್ಕದಿಂದ ಹೊರಗಿಡುತ್ತಾರೆ.

ಅನುಪಲಬ್ಧಿ ಪ್ರತ್ಯೇಕ ಪ್ರಮಾಣವೆಂಬುದನ್ನು ನ್ಯಾಯ ದರ್ಶನದವರಾದ ನೈಯಾಯಿಕರು ಒಪ್ಪುವುದಿಲ್ಲ. ಬರಿದಾದ ನೆಲವನ್ನು ಕಂಡ ಕಣ್ಣೇ ಗಡಿಗೆಯ ಅಭಾವವನ್ನೂ ಕಾಣುತ್ತದೆ, ಬೇರೆ ಪ್ರಮಾಣವೇಕೆ ಎಂಬುದು ಅವರ ವಾದ. ಸ್ವಿಫ್ಟ್‌ನ ಮಟ್ಟಿಗೆ ಈ ಉತ್ತರ ಸಾಲದು. ಬಿಲ್ಲೆಯ ನೆರಳಿನಲ್ಲೂ ಹಿನ್ನೆಲೆಯ ವಿಕಿರಣ ಬೀಳುತ್ತಲೇ ಇರುತ್ತದೆ. ಅಲ್ಲಿರುವುದು ಶೂನ್ಯವಲ್ಲ, ಕೊರತೆ. ಒಂದು ಡಿಟೆಕ್ಟರ್ ಮಾತ್ರ ನೋಡಿದರೆ ಆ ಕೊರತೆ ಗೊತ್ತಾಗುವುದೇ ಇಲ್ಲ. ಸಾವಿರಾರು ಎಣಿಕೆಗಳನ್ನು ಒಟ್ಟಿಗೆ ತೂಗಿದಾಗಲೇ ಅದು ಕೈಗೆ ಹತ್ತುವುದರಿಂದ, ಇದನ್ನು ಪ್ರತ್ಯಕ್ಷ ಎನ್ನುವುದಕ್ಕಿಂತ ಅನುಮಾನ ಎನ್ನುವುದೇ ಸರಿ. ಹಾಗೆಂದು ಭಟ್ಟರ ನಿಯಮ ಬಿದ್ದುಹೋಗದು: ಪ್ರತಿಯೊಂದು ಎಣಿಕೆಯೂ ಕಾಣಬಲ್ಲ ಸ್ಥಿತಿಯಲ್ಲಿದ್ದ ಡಿಟೆಕ್ಟರ್‌ನದೇ ಆಗಿರಬೇಕು.

ಯೋಗ್ಯತೆ ಬಿಲ್ಲೆಗೂ ಬೇಕು. ಸುಮಾರು 150 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ದಾಟಿದ ಕಿರಣಗಳಿಗೆ ಆ ತೆಳು ಸೀಸ ಪಾರದರ್ಶಕವಾಗತೊಡಗುತ್ತದೆ, ನೆರಳು ಅಳಿಸಿಹೋಗುತ್ತದೆ. ಅಲ್ಲಿಂದಾಚೆಗೆ ಸ್ಫೋಟ ನಡೆಯಿತೆಂದು ಡಿಟೆಕ್ಟರ್‌ಗಳು ಹೇಳಬಲ್ಲವು. ಎಲ್ಲಿ ಎಂದು ಹೇಳಲಾರವು.