ಉದ್ರಿ ಕೊಟ್ಟವನ ಪಾಲು

ದಕ್ಷಿಣ ಆಸ್ಟ್ರೇಲಿಯಾದ ಒಣ ಉತ್ತರಭಾಗದಲ್ಲಿ ಫರೀನಾ ಎಂಬ ಊರಿನ ಪಾಳುಗೋಡೆಗಳಿವೆ. ಫರೀನಾ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಹಿಟ್ಟು. ಮೊದಲು ಆ ಜಾಗಕ್ಕೆ ಗವರ್ನಮೆಂಟ್ ಗಮ್ಸ್ ಎಂಬ ಹೆಸರಿತ್ತು; ಅಲ್ಲಿದ್ದ ನೀಲಗಿರಿ ಜಾತಿಯ ಮರಗಳಿಂದ ಬಂದ ಹೆಸರು. 1878ರಲ್ಲಿ ಅದನ್ನು ಬದಲಿಸಿ ಹಿಟ್ಟಿನ ಹೆಸರಿಟ್ಟರು. ನಮ್ಮಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು, ಬಳ್ಳಾರಿ ಸೀಮೆಗಳನ್ನು ನುಂಗಿದ ಬೆನ್ನಲ್ಲೇ, ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ ಮರುಭೂಮಿಯ ಅಂಚಿನ ಊರಿಗೆ ಹೀಗೊಂದು ನಾಮಕರಣ ನಡೆಯಿತು. 1882ರಲ್ಲಿ ರೈಲು ಬಂತು. ಟ್ರಾನ್ಸ್‌ಕಾಂಟಿನೆಂಟಲ್, ಎಕ್ಸ್‌ಚೇಂಜ್ ಎಂಬ ಎರಡು ಹೋಟೆಲುಗಳು ಎದ್ದವು. ಅಂಗಡಿ ಬಂತು, ಕಮ್ಮಾರರು ಬಂದರು, ನೆಲದಡಿಯಲ್ಲಿ ಒಲೆ ಹೂಡಿದ ಬೇಕರಿಯೂ ಬಂತು. ಬರಬೇಕಿದ್ದ ಗೋಧಿಯ ಹೊಲಗಳು ಮಾತ್ರ ಹೆಸರಿನಲ್ಲೇ ಉಳಿದವು. (ಹೋಟೆಲಿನ ಹೆಸರಿನಲ್ಲಿದ್ದ ಖಂಡ ದಾಟುವ ರೈಲು ಡಾರ್ವಿನ್ ಮುಟ್ಟಿದ್ದು 2004ರಲ್ಲಿ.)

ಸಾಲದ ಇತಿಹಾಸದ ಬಗೆಗಿನ ನನ್ನ ಸಂಶೋಧನೆಯ ಓದಿನಲ್ಲಿ ಈ ಊರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಲ್ಲಿನ ರೈತರ ಬಗ್ಗೆ ಬರೆದವರು ಬಹಳ ಮಂದಿ. ನನಗೆ ಕುತೂಹಲವಿರುವುದು ಅವರ ಹಿಂದೆಯೇ ಬಂದವರ ಬಗ್ಗೆ: ಅಂಗಡಿಯವನು, ಹೋಟೆಲಿನವನು, ನೇಗಿಲು ಮಾರುವವನು. ಇವರು ಗೋಧಿ ಬೆಳೆಯಲು ಬಂದವರಲ್ಲ. ಗೋಧಿ ಬೆಳೆಯುತ್ತೇವೆ ಎಂದು ಹೊರಟವರನ್ನು ನೆಚ್ಚಿಕೊಂಡು ಬಂದವರು. ಇನ್ನೊಬ್ಬರ ಭರವಸೆಯ ಮೇಲೆ ಹೊಟ್ಟೆ ಹೊರೆಯುವವನಿಗೆ, ಆ ಭರವಸೆ ಸುಳ್ಳಾದಾಗ ಏನಾದರೂ ಹೊಣೆ ಇದೆಯೇ?

ಪ್ರಶ್ನೆ ಅರ್ಥವಾಗಲು ಸ್ವಲ್ಪ ಹಿನ್ನೆಲೆ ಬೇಕು. 1865ರಲ್ಲಿ, ಭೀಕರ ಬರದ ನಡುವೆ, ವಸಾಹತಿನ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆಯೇರಿ ಉತ್ತರಕ್ಕೆ ಹೋದ. ಬರ ಎಲ್ಲಿಯವರೆಗೆ ಬಂದಿದೆ ಎಂದು ಗುರುತಿಸುವುದು ಅವನ ಕೆಲಸ. ಯಾವ ಗಿಡ ಎಲ್ಲಿ ಬೆಳೆದಿದೆ, ಎಲ್ಲಿಂದಾಚೆ ಉಪ್ಪುನೆಲದ ಕುರುಚಲು ಪೊದೆಗಳು ಶುರುವಾಗುತ್ತವೆ ಎಂದು ನೋಡಿ ನಕಾಶೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ದಕ್ಷಿಣಕ್ಕೆ ಬೇಸಾಯ ಮಾಡಬಹುದು. ಉತ್ತರಕ್ಕೆ ಮಳೆಯನ್ನು ನಂಬುವಂತಿಲ್ಲ. 1869ರ ಸ್ಟ್ರ್ಯಾಂಗ್‌ವೇಸ್ ಕಾಯಿದೆ ಸಾಮಾನ್ಯ ರೈತನಿಗೂ 640 ಎಕರೆವರೆಗೆ ಸರ್ಕಾರಿ ಭೂಮಿಯನ್ನು ಸಾಲದ ಮೇಲೆ ಕೊಳ್ಳುವ ದಾರಿ ತೆರೆಯಿತು. ಮುಂದೆ ಕೆಲವು ವರ್ಷ ಮಳೆ ಚೆನ್ನಾಗಿ ಬಂತು. ಚೆನ್ನಾಗಿ ಬಂದ ಮಳೆಯಷ್ಟು ಮೋಸಗಾರ ಸಾಕ್ಷಿ ಇನ್ನೊಂದಿಲ್ಲ. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸಿ ಬರುತ್ತದೆ ಎಂಬ ನಂಬಿಕೆ ಅಮೆರಿಕದ ಬಯಲಿನಲ್ಲಿದ್ದಂತೆ ಇಲ್ಲಿಯೂ ಹಬ್ಬಿತು. ಗೆರೆಯನ್ನು ಅಳಿಸಿ ಎಂದು ಜನ ಕೂಗೆಬ್ಬಿಸಿದರು. 1874ರಲ್ಲಿ ಸರ್ಕಾರ ಅದನ್ನು ಕಾನೂನಿನಿಂದ ತೆಗೆದೇ ಹಾಕಿತು. ಹ್ಯಾಮಂಡ್, ಗಾರ್ಡನ್, ವಿಲ್ಸನ್ ಎಂಬ ಊರುಗಳು ಗೆರೆಯಾಚೆ ಹುಟ್ಟಿದವು. 1880ರ ಸುಮಾರಿಗೆ ಬರ ಮರಳಿತು.

ಅಂಥ ಊರಿನ ಅಂಗಡಿಯನ್ನು ಈಗ ನೋಡೋಣ. ಹಿಟ್ಟು, ಚಹಾ, ಸಕ್ಕರೆ, ಸೀಮೆಎಣ್ಣೆ, ಬೂಟು, ಹಗ್ಗ, ಮೊಳೆ, ಬೇಧಿ ಉಪ್ಪು ಎಲ್ಲವೂ ಒಂದೇ ಸೂರಿನಡಿ. ಅನೇಕ ಕಡೆ ಅಂಚೆ ಕಚೇರಿಯೂ ಅಲ್ಲೇ, ಗೋಧಿ ಖರೀದಿದಾರರ ಏಜೆಂಟನೂ ಅದೇ ಅಂಗಡಿಯವನೇ. ನಮ್ಮ ಉತ್ತರ ಕರ್ನಾಟಕದ ಅಡತಿ ಅಂಗಡಿ ಕಂಡವರಿಗೆ ಇದರ ಒಳಗುಟ್ಟು ವಿವರಿಸಬೇಕಿಲ್ಲ: ಬೆಳೆ ಕೊಳ್ಳುವವನೂ ಅವನೇ, ಬೆಳೆ ಬರುವತನಕ ಮನೆ ನಡೆಸಲು ಉದ್ರಿ ಕೊಡುವವನೂ ಅವನೇ. ರೈತನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ, ಸುಗ್ಗಿಯಲ್ಲಿ. ಆದರೆ ಆ ಸುಗ್ಗಿಗೂ ಮೊದಲು ಅವನು ಇನ್ನೊಂದು ಸಾಮಾನು ಕೊಳ್ಳಬೇಕು: ಗೋಣಿಚೀಲ. ಗೋಧಿ ಚೀಲದಲ್ಲೇ ಹಡಗೇರುತ್ತಿತ್ತು. ಚೀಲ ಬರುತ್ತಿದ್ದದ್ದು ಕಲ್ಕತ್ತೆಯಿಂದ. ಬಂಗಾಳದ ಸೆಣಬು ಸಮುದ್ರ ದಾಟಿ, ಫಸಲು ಕಾಣುವ ಮೊದಲೇ, ಆಸ್ಟ್ರೇಲಿಯಾದ ರೈತನ ಹೆಸರಿಗೆ ಸಾಲವಾಗಿ ಖಾತೆಯಲ್ಲಿ ಏರಿ ಕೂರುತ್ತಿತ್ತು. ತೆನೆಯಲ್ಲಿ ಕಾಳು ನಿಲ್ಲುತ್ತದೋ ಇಲ್ಲವೋ, ಚೀಲದ ಲೆಕ್ಕ ಮಾತ್ರ ನಿಂತಿರುತ್ತಿತ್ತು.

ನೀತಿಶಾಸ್ತ್ರದಲ್ಲಿ ಅಂಗಡಿಯವನೆಂದರೆ ಮೊದಲು ನೆನಪಾಗುವುದು ಕಾಂಟ್‌ನ ಅಂಗಡಿಯವನು. 1785ರ ಕೃತಿಯಲ್ಲಿ ಬರುವ ಅವನು ಚಿಕ್ಕ ಮಗು ಬಂದರೂ ಮೋಸ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಬೆಲೆ. ಹೀಗೆ ನಡೆದರೆ ವ್ಯಾಪಾರ ಕುದುರುತ್ತದೆ ಎಂಬ ಲೆಕ್ಕಾಚಾರದಿಂದಷ್ಟೇ ಅವನು ಪ್ರಾಮಾಣಿಕನಾಗಿದ್ದರೆ, ಅದಕ್ಕೆ ನೈತಿಕ ಬೆಲೆ ಇದೆಯೇ ಎಂಬುದು ಕಾಂಟ್‌ನ ಪ್ರಶ್ನೆ. ತರಗತಿಯಲ್ಲಿ ಇದನ್ನು ಓದುವಾಗ ಯಾರೂ ಗಮನಿಸದ ಒಂದು ಸಂಗತಿ ಇದೆ. ಕಾಂಟ್‌ನ ಅಂಗಡಿಯವನು ನಗದು ವ್ಯಾಪಾರಿ. ಮಗು ಕಾಸು ಕೊಡುತ್ತದೆ, ಸಾಮಾನು ಒಯ್ಯುತ್ತದೆ, ಕಥೆ ಮುಗಿಯುತ್ತದೆ. ನಮ್ಮೂರ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ಫಲಕ ನೇತುಹಾಕುತ್ತಾರಲ್ಲ, ಕಾಂಟ್ ಆ ಫಲಕದ ಒಳಗಿನ ಲೋಕದವನು. ಹ್ಯಾಮಂಡಿನ ಅಂಗಡಿಯವನಿಗೆ ಆ ಫಲಕ ಹಾಕುವ ಅನುಕೂಲವಿರಲಿಲ್ಲ. ಹಾಕಿದ್ದರೆ ಮರುದಿನವೇ ಬಾಗಿಲು ಮುಚ್ಚಬೇಕಿತ್ತು.

ಉದ್ರಿ ಬಂದ ಕೂಡಲೇ ‘ಎಲ್ಲರಿಗೂ ಒಂದೇ ಬೆಲೆ’ ಎಂಬ ನ್ಯಾಯವೂ ಗೊಂದಲಕ್ಕೆ ಬೀಳುತ್ತದೆ. ಉದ್ರಿಯ ಬೆಲೆ ನಗದಿನ ಬೆಲೆಗಿಂತ ಹೆಚ್ಚು. ಹೆಚ್ಚೇಕೆಂದರೆ ಕೆಲವರು ತೀರಿಸುವುದಿಲ್ಲ. ತೀರಿಸದವನ ಭಾರ ತೀರಿಸುವವನ ಸಕ್ಕರೆಯ ಬೆಲೆಯಲ್ಲಿ ಕರಗಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹಾಕಿದರೆ, ಬಡವನಿಗೇ ಹೆಚ್ಚು ಬೆಲೆ. ಎಲ್ಲರಿಗೂ ಒಂದೇ ಬೆಲೆ ಹಾಕಿದರೆ, ಒಬ್ಬನ ದುರಾದೃಷ್ಟಕ್ಕೆ ಇನ್ನೊಬ್ಬ ಗೊತ್ತಿಲ್ಲದೆ ದಂಡ ತೆತ್ತಂತೆ. ಎರಡನೆಯದೇ ವಾಸಿ ಎಂದು ನನಗನಿಸುತ್ತದೆ. ಆದರೆ ಅದನ್ನು ಪ್ರಾಮಾಣಿಕತೆ ಎಂಬ ಪದದಿಂದ ಸಮರ್ಥಿಸಲಾಗದು.

ಇನ್ನು ಸಿಸೆರೋ ಚರ್ಚಿಸುವ ರೋಡ್ಸ್ ದ್ವೀಪದ ಧಾನ್ಯವ್ಯಾಪಾರಿ. ದ್ವೀಪದಲ್ಲಿ ಕ್ಷಾಮ, ವ್ಯಾಪಾರಿ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂದು ಅವನಿಗೊಬ್ಬನಿಗೆ ಗೊತ್ತು. ಹೇಳಬೇಕೇ, ಸುಮ್ಮನಿದ್ದು ಹೆಚ್ಚು ಬೆಲೆಗೆ ಮಾರಬಹುದೇ? ಹೇಳಲೇಬೇಕು ಎಂಬುದು ಸಿಸೆರೋನ ತೀರ್ಪು. ಆದರೆ ನಮ್ಮ ಸೀಮೆಯಲ್ಲಿ ಮುಚ್ಚಿಡಲು ಏನೂ ಇರಲಿಲ್ಲ! ಗಾಯ್ಡರನ ಗೆರೆ ಎಲ್ಲರಿಗೂ ಗೊತ್ತಿತ್ತು, ಶಾಸನಸಭೆಯಲ್ಲಿ ಚರ್ಚೆಯಾಗಿತ್ತು, ಪತ್ರಿಕೆಗಳಲ್ಲಿ ಗೇಲಿಗೆ ಗುರಿಯಾಗಿತ್ತು. ಅಂಗಡಿಯವನು ಸುಳ್ಳು ಹೇಳಲಿಲ್ಲ, ನಿಜ ಮುಚ್ಚಿಡಲೂ ಇಲ್ಲ. ಎಲ್ಲರೂ ತಿಳಿದೇ ಮಾಡಿದ ತಪ್ಪಿನಲ್ಲಿ ನೇಗಿಲು ಮಾರಿದವನ ಪಾಲೆಷ್ಟು? ಸತ್ಯ, ಸುಳ್ಳುಗಳ ತಕ್ಕಡಿಯಲ್ಲಿ ಇದು ತೂಗುವುದಿಲ್ಲ.

ಹಾಗಾಗಿ ನಾನು ಬೇರೆ ಅಳತೆಗೋಲು ಹಿಡಿಯುತ್ತೇನೆ. ರೈತ ಸೋತಾಗ ಯಾರು ಯಾರು ಸೋತರು?

ಮೊದಲು ಸರ್ಕಾರ. ಗೆರೆ ಅಳಿಸಿದ್ದು ಅದೇ, ಭೂಮಿ ಮಾರಿದ್ದೂ ಅದೇ. ಬರ ಬಂದಾಗ ಕರಾರು ಬಿಟ್ಟುಕೊಡಲು ರೈತರಿಗೆ ಅವಕಾಶ ಕೊಟ್ಟಿತು, ಅಷ್ಟು ದಯೆ ಒಪ್ಪೋಣ. ಆದರೆ ನೆಲ ಎಲ್ಲಿಗೂ ಹೋಗಲಿಲ್ಲ. ಸರ್ಕಾರಕ್ಕೇ ಮರಳಿತು, ಬಹಳಷ್ಟು ಕಡೆ ಮತ್ತೆ ಕುರಿ ಮೇಯಿಸುವವರ ಗುತ್ತಿಗೆಗೆ ಸೇರಿತು. ಎರಡನೆಯವನು ಸಲಕರಣೆ ತಯಾರಕ. ಈ ವಸಾಹತು ಬೇಸಾಯದ ಯಂತ್ರಗಳಿಗೆ ಹೆಸರುವಾಸಿ. 1843ರಲ್ಲಿ ಜಾನ್ ರಿಡ್ಲಿಯ ತೆನೆ ಕೀಳುವ ಯಂತ್ರ ಬಂತು. 1876ರಲ್ಲಿ ರಿಚರ್ಡ್ ಬೋಯರ್ ಸ್ಮಿತ್ ಬೇರುಬುಡ ಅಡ್ಡಬಂದರೆ ಹಾರಿ ಮುಂದೆ ಸಾಗುವ ನೇಗಿಲು ಮಾಡಿದ. ಗಾಲರ್ ಪಟ್ಟಣದ ಜೇಮ್ಸ್ ಮಾರ್ಟಿನ್ ಕಾರ್ಖಾನೆಯಂಥವು ದಕ್ಷಿಣದ ಮಳೆ ಬೀಳುವ ಸೀಮೆಯಲ್ಲೇ ನಿಂತು ಮಾರುತ್ತಿದ್ದವು. ಹತ್ತು ಸೀಮೆಗಳಿಗೆ ಮಾರುವವನಿಗೆ ಒಂದು ಸೀಮೆಯ ಬರವೆಂದರೆ ಲೆಕ್ಕದಲ್ಲಿ ಒಂದು ಸಾಲು. ಊರಿನ ಅಂಗಡಿಯವನಿಗೆ ಇನ್ನೊಂದು ಸೀಮೆ ಇರಲಿಲ್ಲ. ಅವನ ಆಸ್ತಿಯೆಲ್ಲ ನೆರೆಹೊರೆಯವರ ಹೆಸರಿನಲ್ಲಿ ಖಾತೆ ಪುಸ್ತಕದಲ್ಲಿತ್ತು. ಅವರು ಗಾಡಿ ಹೂಡಿಕೊಂಡು ದಕ್ಷಿಣಕ್ಕೆ ಹೊರಟ ದಿನ ಆ ಪುಸ್ತಕ ಬರೀ ಕಾಗದ.

ಆದ್ದರಿಂದ, ಅತ್ಯಂತ ಹತ್ತಿರದಿಂದ ಸಾಲ ಕೊಟ್ಟವನೇ, ಊರಿನ ಬಾಯಲ್ಲಿ ಹೆಚ್ಚು ಬೈಸಿಕೊಂಡವನೇ, ಈ ಮೂವರಲ್ಲಿ ಕಡಿಮೆ ತಪ್ಪಿತಸ್ಥ ಎಂಬುದು ನನ್ನ ವಾದ. ಅವನು ಸೋಲಿನಲ್ಲಿ ಪಾಲುದಾರ. ಇನ್ನೊಬ್ಬನ ಆಸೆಗೆ ನೀರೆರೆಯುವವನು ಆ ಆಸೆ ಒಣಗಿದಾಗ ತಾನೂ ಒಣಗುವ ಜಾಗದಲ್ಲಿ ನಿಂತಿರಬೇಕು. ಬೇಸಾಯ ಗೊತ್ತಿರುವುದು, ಮಳೆಯ ಲೆಕ್ಕ ಗೊತ್ತಿರುವುದು ಇದರ ಮುಂದೆ ಎರಡನೆಯ ಮಾತು.

ಇದಕ್ಕೆ ಎದುರುಮಾತು ಇಲ್ಲದಿಲ್ಲ, ಅದೂ ಗಟ್ಟಿಯಾದದ್ದು. ಸೋಲಿನಲ್ಲಿ ಪಾಲಿರುವವನು ಸೋಲನ್ನು ಒಪ್ಪುವುದು ಕಷ್ಟ. ಹಳೆಯ ಬಾಕಿ ಮುಳುಗಬಾರದೆಂದು ಅವನು ಹೊಸ ಉದ್ರಿ ಕೊಡುತ್ತಾನೆ. ಇನ್ನೊಂದು ಮಳೆಗಾಲ ನೋಡೋಣ, ಬಿತ್ತು ಎನ್ನುತ್ತಾನೆ. ಹೊರಡಬೇಕಿದ್ದವನು ಉಳಿದು ಇನ್ನಷ್ಟು ಹಾಳಾಗುತ್ತಾನೆ. ಅಂಗಡಿಯವನ ಕಾಳಜಿ, ಅವನ ಸ್ವಾರ್ಥ ಇಲ್ಲಿ ಎಷ್ಟು ಹೆಣೆದುಕೊಂಡಿವೆಯೆಂದರೆ ಅವನಿಗೇ ಬಿಡಿಸಿ ನೋಡಲಾಗದು. ಗಾಯ್ಡರ್ ‘ಬೇಡ’ ಎನ್ನಬಲ್ಲವನಾದದ್ದು ಅವನಿಗೆ ಯಾರಿಂದಲೂ ಬಾಕಿ ಬರಬೇಕಿರಲಿಲ್ಲವಾದ್ದರಿಂದ. ದೂರ ನಿಂತವನ ಕಣ್ಣು ಬೇಕು ಎಂದೇ ಇದರರ್ಥ. ಆದರೂ ದೂರ ನಿಂತವರೆಲ್ಲ ಗಾಯ್ಡರ್ ಆಗುವುದಿಲ್ಲ. ಗೆರೆ ಅಳಿಸಿದವರೂ ಅಡಿಲೇಡ್ ನಗರದಲ್ಲೇ ಕೂತಿದ್ದರು.

ಹೋಟೆಲಿನವನನ್ನು ಮರೆತಿಲ್ಲ. ಅಲ್ಲಿ ಹೋಟೆಲೆಂದರೆ ನಮ್ಮ ಇಡ್ಲಿ ಕಾಫಿಯ ಹೋಟೆಲಲ್ಲ. ಹೆಂಡ, ಹಾಸಿಗೆ, ಕುದುರೆಗೆ ಲಾಯ, ಜೊತೆಗೆ ಊರಿನ ಸಭಾಂಗಣ. ಕುರಿ ಕತ್ತರಿಸುವ ಕೂಲಿಯಾಳು ಇಡೀ ಹಂಗಾಮಿನ ಚೆಕ್ಕನ್ನು ಹೋಟೆಲಿನವನ ಕೈಗಿಟ್ಟು, ಮುಗಿದಾಗ ಹೇಳು ಎನ್ನುವ ರೂಢಿ ಆ ದೇಶದಲ್ಲಿ ಕುಖ್ಯಾತ. ಇಲ್ಲಿ ನನ್ನ ಅಳತೆಗೋಲು ಸಲೀಸಾಗಿ ಕೆಲಸ ಮಾಡುತ್ತದೆ: ಹಣ ಮೊದಲೇ ಕೈಗೆ ಬಂದಿದೆ, ಗಿರಾಕಿಯ ಸೋಲೇ ಲಾಭ. ಅಂಗಡಿಯವನಿಗೆ ರೈತ ಮುಂದಿನ ವರ್ಷವೂ ನಿಂತಿರಬೇಕು. ಈ ಹೋಟೆಲಿನವನಿಗೆ ಆಳು ನಾಳೆ ಬೆಳಿಗ್ಗೆ ಎದ್ದು ಹೋದರೂ ಸಾಕು.

ಇಷ್ಟೆಲ್ಲ ಲೆಕ್ಕದಲ್ಲಿ ಹೆಸರೇ ಇಲ್ಲದವರಿದ್ದಾರೆ. ಆ ನೆಲ ಅದ್ನ್ಯಮತನ್ಹಾ, ನ್ಗಾಜುರಿ ಮೊದಲಾದ ಜನಗಳದು. ವಸಾಹತನ್ನು ಸ್ಥಾಪಿಸಿದ 1836ರ ರಾಜಪತ್ರದಲ್ಲೇ, ಮೂಲನಿವಾಸಿಗಳು ತಾವು ಈಗ ಅನುಭವಿಸುತ್ತಿರುವ ಭೂಮಿಯಲ್ಲಿ ಉಳಿಯುವ ಹಕ್ಕಿಗೆ ಧಕ್ಕೆ ತರಬಾರದೆಂಬ ಮಾತಿತ್ತು. ಆ ಮಾತು ನಡೆಯಲಿಲ್ಲ. ನೆಲ ಕಳೆದುಕೊಂಡವರಿಗೆ ಸರ್ಕಾರ ಪಡಿ ಕೊಟ್ಟಿತು. ಆ ಪಡಿಯಲ್ಲಿ ಮುಖ್ಯವಾದದ್ದು ಹಿಟ್ಟು. ರೈತ ಸರ್ಕಾರಕ್ಕೆ ಸಾಲಗಾರ, ಅಂಗಡಿಗೆ ಸಾಲಗಾರ, ಅದಕ್ಕೆಲ್ಲ ಕಾಗದವಿದೆ. ಎಲ್ಲರೂ ಸೇರಿ ಮಾಡಿದ ಮೊದಲ ಸಾಲಕ್ಕೆ ಯಾವ ಖಾತೆಯಲ್ಲೂ ಪುಟ ತೆರೆಯಲಿಲ್ಲ. ಅಂಗಡಿಯವನನ್ನು ನಾನು ಬಿಡಿಸಿದ್ದು ಒಂದು ಆರೋಪದಿಂದ ಮಾತ್ರ. ಈ ಎರಡನೆಯದರಲ್ಲಿ ಅವನೂ ಉಳಿದವರ ಸಾಲಿನಲ್ಲೇ ನಿಲ್ಲುತ್ತಾನೆ, ಅವನು ದಿವಾಳಿಯಾದದ್ದು ಇಲ್ಲಿ ನೆರವಿಗೆ ಬರುವುದಿಲ್ಲ.

ಗೆರೆಯ ದಕ್ಷಿಣದ ಜೇಮ್ಸ್‌ಟೌನಿನಲ್ಲಿ 1888ರಲ್ಲಿ ರೈತರು ತಮ್ಮದೇ ಸಹಕಾರಿ ಒಕ್ಕೂಟ ಕಟ್ಟಿಕೊಂಡರು. ಗೋಧಿ ತಾವೇ ಮಾರುವುದು, ಬೇಕಾದ ಸಾಮಾನು ಒಟ್ಟಾಗಿ ಕೊಳ್ಳುವುದು. ಹದಿನೇಳು ವರ್ಷಗಳ ನಂತರ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಎರಡಕ್ಕೂ ನೇರ ನಂಟಿಲ್ಲ. ನನಗೆ ಮುಖ್ಯವಾದದ್ದು 1904ರ ಭಾರತೀಯ ಕಾಯಿದೆ ಗ್ರಾಮೀಣ ಸಂಘಗಳಿಗೆ ವಿಧಿಸಿದ ಒಂದು ನಿಯಮ: ಅಮಿತ ಹೊಣೆಗಾರಿಕೆ. ಒಬ್ಬ ಸದಸ್ಯ ತೀರಿಸದಿದ್ದರೆ ಸಂಘದ ಸಾಲಕ್ಕೆ ಉಳಿದವರು ತಮ್ಮ ಆಸ್ತಿಯಿಂದ ಹೊಣೆ. ಹ್ಯಾಮಂಡಿನ ಅಂಗಡಿಯವನ ತಲೆಯ ಮೇಲೆ ಕೇಳದೆಯೇ ಬಂದು ಬಿದ್ದ ಪಾಲನ್ನು ಇಲ್ಲಿ ಊರವರು ಸಹಿ ಹಾಕಿ ಹೊತ್ತರು. ಹೊರುವ ಮೊದಲು ಅವರು ಮಾಡುತ್ತಿದ್ದ ಕೆಲಸವೂ ಒಂದಿತ್ತು: ಯಾರನ್ನು ಸದಸ್ಯನಾಗಿ ಸೇರಿಸಿಕೊಳ್ಳಬೇಕು, ಯಾರನ್ನು ಬೇಡ ಎಂದು ತೀರ್ಮಾನಿಸುವುದು. ಬೇಡವೆನಿಸಿಕೊಂಡವನು ಹಳೆಯ ಸಾಹುಕಾರನ ಅಂಗಡಿಗೇ ಹೋಗಬೇಕಿತ್ತು.