ಸಾರಿದರೆ ಕೇಳಿದಂತಾಯಿತೆ?

ಊರಿಗೆ ಏನೇ ಸುದ್ದಿ ಬಂದರೂ ತಮಟೆ ಹೊಡೆದವರು ನಾವು. ಕಂದಾಯ ಕಟ್ಟಿ ಅಂತ ಸಾರಿದವರು ನಾವು, ಜಾತ್ರೆ ಬಂತು ಅಂತ ಸಾರಿದವರು ನಾವು, ಸಾವಿನ ಸುದ್ದಿ ಹೊತ್ತು ಹತ್ತಾರು ಹಳ್ಳಿ ನಡೆದವರೂ ನಾವೇ. ಊರೆಲ್ಲ ಸಾರಿ ಬಂದವನನ್ನು ಕಟ್ಟೆಯ ಮೇಲೆ ಕೂರಿಸಿ 'ನೀನೇನಂತೀಯಪ್ಪ?' ಅಂತ ಯಾವ ಗೌಡನೂ ಕೇಳಲಿಲ್ಲ. ತಮಟೆ ನಮ್ಮದು, ಮಾತು ಅವರದು.

ಗಣಿ, ಅಣೆಕಟ್ಟು, ಕಾರ್ಖಾನೆಗಳಿಗೆ ಮುಂಚೆ ಸರ್ಕಾರ ಹೊರಡಿಸುವ ನೋಟೀಸುಗಳನ್ನು ನೋಡಿದಾಗ ಇದು ನೆನಪಾಗುತ್ತದೆ. ಯೋಜನೆಯಿಂದ ನೀರು, ಗಾಳಿ, ಮಣ್ಣು, ಜನಕ್ಕೆ ಏನಾಗುತ್ತದೆಂದು ಮೊದಲೇ ವರದಿ ಮಾಡಿಸಬೇಕೆಂಬ ನಿಯಮ ಬಂದದ್ದು 1994ರಲ್ಲಿ. ಈಗ ಜಾರಿಯಲ್ಲಿರುವುದು 2006ರ ಅಧಿಸೂಚನೆ. ಅದರ ಪ್ರಕಾರ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಪತ್ರಿಕೆ ಹೋಗದ ಕಡೆ ಡಂಗುರ ಹೊಡೆಸಬೇಕು ಅಂತಲೂ ಅದರಲ್ಲಿದೆ. ಹೌದು ಗೆಳೆಯರೆ, ಇಪ್ಪತ್ತೊಂದನೆಯ ಶತಮಾನದ ಕಾನೂನಿನಲ್ಲೂ ತಮಟೆ ಇದೆ! ಹೊಡೆಯುವವನು ಯಾರೆಂದು ಬರೆದಿಲ್ಲ. ಬರೆಯೋದೇನು, ಊರಿಗೆ ಗೊತ್ತಲ್ಲ.

ಈ ನಿಯಮ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ತಿಳಿಸಿದ ಮಾತ್ರಕ್ಕೆ ನ್ಯಾಯವಾಯಿತೆ? ಕನ್ನಡದಲ್ಲಿ 'ಕೇಳು' ಅನ್ನುವ ಒಂದೇ ಮಾತಿನಲ್ಲಿ ಪ್ರಶ್ನೆ ಹಾಕುವುದೂ ಇದೆ, ಉತ್ತರಕ್ಕೆ ಕಿವಿಗೊಡುವುದೂ ಇದೆ. ಪ್ರಶ್ನೆ ಹಾಕಿ ಕಿವಿ ಮುಚ್ಚಿಕೊಂಡರೆ ಅದು ಕೇಳಿದ್ದಲ್ಲ.

ನಡೆಯುವುದನ್ನೇ ನೋಡಿ. ವರದಿ ಬರೆಯುವ ತಜ್ಞನಿಗೆ ಹಣ ಕೊಡುವವನು ಯೋಜನೆ ಬೇಕೆನ್ನುವವನೇ. ಅನ್ನದ ಋಣ ಎಲ್ಲಿಗೆ ಹೋದೀತು? ಜನರ ಭಾಷೆಯಲ್ಲಿ ಇರಬೇಕಾದದ್ದು ಸಾರಾಂಶ ಮಾತ್ರ. ಪೂರ್ತಿ ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಯಂಥ ಕಡೆ ಇರುತ್ತದೆ. ನೋಡಬೇಕೆಂದರೆ ಕೂಲಿಯವನು ಒಂದು ದಿನದ ಕೂಲಿ ಬಿಡಬೇಕು. ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಬಂದವರೆಲ್ಲ ಬೇಡವೆಂದರೂ ಯೋಜನೆ ನಿಲ್ಲಲೇಬೇಕೆಂದೂ ಇಲ್ಲ. 2020ರ ಕರಡು ಆ 30 ದಿನವನ್ನೂ 20ಕ್ಕೆ ಇಳಿಸಹೊರಟಿತ್ತು. ಅದು ಕನ್ನಡದಲ್ಲೇ ಇರಲಿಲ್ಲ. ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಿ ಎಂದು ದೆಹಲಿ ಹೈಕೋರ್ಟು ಆ ಜೂನ್‌ನಲ್ಲಿ ಹೇಳಬೇಕಾಯಿತು; ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಅಂತಿಮಗೊಳಿಸದಂತೆ ತಡೆಯಿತು.

ಇನ್ನು ಭೂಮಿ ಇಲ್ಲದವನ ಪಾಡು. 2013ರ ಭೂಸ್ವಾಧೀನ ಕಾಯ್ದೆ ಆ ನೆಲದ ಕೂಲಿಯನ್ನೇ ನಂಬಿದವರನ್ನೂ ಬಾಧಿತ ಕುಟುಂಬವೆಂದು ಒಪ್ಪುತ್ತದೆ. ಆದರೆ ಖಾಸಗಿ ಕಂಪನಿಗೆ ಬೇಕಾದ ಶೇಕಡ 80ರ ಒಪ್ಪಿಗೆಯನ್ನು ಎಣಿಸುವಾಗ ಭೂಮಿ ಕಳೆದುಕೊಳ್ಳುವವರನ್ನು, ಸರ್ಕಾರ ಭೂಮಿ ಮಂಜೂರು ಮಾಡಿದವರನ್ನು ಎಣಿಸುತ್ತದೆ, ಕೂಲಿಯವರನ್ನು ಬಿಡುತ್ತದೆ. ಮುಳುಗುವಾಗ ನಾವು ಲೆಕ್ಕಕ್ಕುಂಟು, ಕೇಳುವಾಗ ಆಟಕ್ಕಿಲ್ಲ! ತಲೆಮಾರುಗಳಿಂದ ನಮಗೆ ನೆಲ ಸಿಗದಂತೆ ಮಾಡಿದವರು ಯಾರು ಸ್ವಾಮಿ?

ನಿಜವಾಗಿ ಕೇಳಿದರೆ ಏನಾಗುತ್ತದೆಂಬುದಕ್ಕೆ ಒಡಿಶಾದ ನಿಯಮಗಿರಿ ಇದೆ. ಬಾಕ್ಸೈಟ್ ಗಣಿಯ ವಿಷಯ ಗ್ರಾಮಸಭೆಗಳ ಮುಂದಿಡಿ ಎಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್‌ನಲ್ಲಿ ಹೇಳಿತು. 12 ಹಳ್ಳಿಗಳ ಸಭೆ ನಡೆಯಿತು. ಹನ್ನೆರಡೂ ಹಳ್ಳಿಗಳು ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ಡೋಂಗ್ರಿಯಾ ಕೊಂಧರಿಗೆ ಯಾರೂ ಬೆಟ್ಟವನ್ನು ದಾನ ಕೊಡಲಿಲ್ಲ. 'ಬೇಡ' ಅನ್ನುವ ಮಾತಿಗೆ ಬೆಲೆ ಸಿಕ್ಕಿತು, ಅಷ್ಟೆ. 'ಬೇಡ' ಅನ್ನೋಕೆ ಹಕ್ಕಿಲ್ಲದವನ 'ಆಯ್ತು' ಒಪ್ಪಿಗೆಯಲ್ಲ. ಅದು ಜೀತದ ಇನ್ನೊಂದು ಹೆಸರು.

ಮೇಷ್ಟ್ರುಗಳೆ, ವಿದ್ಯಾರ್ಥಿಗಳೆ, ನೋಟೀಸು ಬಂದರೆ ಸಾರಾಂಶ ತಂದು ಕೇರಿಯಲ್ಲಿ ಗಟ್ಟಿಯಾಗಿ ಓದಿ. ಹೊಲ ಇಲ್ಲದವರ ತಕರಾರನ್ನೂ ಬರೆದು ಹೆಬ್ಬೆಟ್ಟು ಹಾಕಿಸಿ. ಸಭೆಯ ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮವೇ ಇದೆ; ಓದುವವರೆಗೂ ಏಳಬೇಡಿ. ಊರಿಗೆ ಸಾರಿದ್ದು ಸಾಕು. ಇನ್ನು ಕೇರಿಗೆ ಸಾರೋಣ.